ಅಂಗಲಕ್ಷಣವೂ ವ್ಯಾಧಿಲಿಖಿತವೂ

ದೇಹವು ಒಂದು ಲಿಪಿಯೆಂದೂ, ಅದನ್ನು ಓದಬಲ್ಲವನಿಗೆ ಮನುಷ್ಯನ ಮುಂದಿನ ಬಾಳು ಗೋಚರವಾಗುವುದೆಂದೂ ನಂಬಿದ ಶಾಸ್ತ್ರಗಳು ನಮ್ಮಲ್ಲಿ ಬಹು ಪ್ರಾಚೀನವಾದುವು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮಳೆ, ಭೂಕಂಪ, ರತ್ನಪರೀಕ್ಷೆ ಮೊದಲಾದ ವಿಷಯಗಳ ನಡುವೆ ಪುರುಷಲಕ್ಷಣಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟು, ಪಾದದಿಂದ ಮೊದಲುಗೊಂಡು ತಲೆಯವರೆಗೆ ಒಂದೊಂದು ಅವಯವದ ಆಕಾರಕ್ಕೂ ಒಂದೊಂದು ಫಲವನ್ನು ಹೇಳಿದನು. ಶುದ್ಧೋದನನ ಶಿಶುವಿನ ಮೈಮೇಲೆ ಮಹಾಪುರುಷನ 32 ಲಕ್ಷಣಗಳನ್ನು ಕಂಡ ಅಸಿತ ಋಷಿಯು, ಈ ಮಗು ಬುದ್ಧನಾಗುವುದೆಂದು ಹರ್ಷಿಸಿ, ಆ ದಿನದವರೆಗೆ ತಾನು ಬದುಕಿರಲಾರೆನೆಂದು ಕಣ್ಣೀರಿಟ್ಟನೆಂಬ ಕಥೆ ಬೌದ್ಧರಲ್ಲಿ ಪ್ರಸಿದ್ಧವಾಗಿದೆ. ಆಜಾನುಬಾಹುವಾದವನು ಭಾಗ್ಯವಂತ, ಬೋಳುತಲೆಯವನು ಬಡವನಾಗಿರುವುದು ಅಪರೂಪ ಎಂಬ ಮಾತುಗಳು ಇಂದಿಗೂ ಜನರ ನಾಲಗೆಯ ಮೇಲಿವೆ. ಭರ್ತೃಹರಿಯು ಕಂಡ ಬೋಳುತಲೆಯವನು ಮಾತ್ರ ಬಿಸಿಲಿಗೆ ಬೆಂದು ಮರದ ನೆರಳನ್ನು ಸೇರಿದೊಡನೆ, ಮೇಲಿನಿಂದ ಬಿದ್ದ ಹಣ್ಣಿನಿಂದ ತಲೆಯೊಡೆಸಿಕೊಂಡನು. ಧನಯೋಗದ ಸುದ್ದಿ ಆ ಕವಿಗೆ ಮುಟ್ಟಿರಲಿಲ್ಲವೆಂದು ತೋರುತ್ತದೆ.

ಶಾಸ್ತ್ರಜ್ಞರು ನಕ್ಕು ಬದಿಗಿಟ್ಟ ಈ ವಿದ್ಯೆಯು ನಮ್ಮ ಕಾಲದಲ್ಲಿ ಶಾಸ್ತ್ರಜ್ಞರ ಕೈಯಿಂದಲೇ ಹೊಸ ರೂಪದಲ್ಲಿ ಮರಳಿ ಬಂದಿರುವುದು ಆಶ್ಚರ್ಯದ ಸಂಗತಿ. ಗಂಡಸರಿಗೆ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಅಕ್ರೋಟಿನ ಗಾತ್ರದ ಒಂದು ಗ್ರಂಥಿಯುಂಟು. ಅದಕ್ಕೆ ಪ್ರಾಸ್ಟೇಟ್ ಎಂದು ಹೆಸರು. ಇಳಿವಯಸ್ಸಿನಲ್ಲಿ ಈ ಗ್ರಂಥಿಗೆ ತಗಲುವ ಕ್ಯಾನ್ಸರು ಅಮೆರಿಕದಲ್ಲಿ ಸುಮಾರು 8 ಗಂಡಸರಲ್ಲಿ ಒಬ್ಬನಿಗೆ ಬಾಳಿನ ಯಾವುದಾದರೊಂದು ಘಟ್ಟದಲ್ಲಿ ಕಾಣಿಸಿಕೊಳ್ಳುವಷ್ಟು ವ್ಯಾಪಕವಾದುದು. ಆರಂಭದಲ್ಲಿ ಅದು ನೋವನ್ನಾಗಲಿ ಬೇರೆ ಕುರುಹನ್ನಾಗಲಿ ಕೊಡುವುದಿಲ್ಲ. ಒಳಗೆ ಅಡಗಿ ಮೌನವಾಗಿ ಬೆಳೆಯುವ ಇಂಥ ವ್ಯಾಧಿಯ ಸುಳಿವನ್ನು ಕೈಬೆರಳಿನಲ್ಲೋ ನೆತ್ತಿಯಲ್ಲೋ ಮೈಯ ಎತ್ತರದಲ್ಲೋ ಮುಂಚಿತವಾಗಿ ಓದಬಹುದೇ ಎಂಬ ಪ್ರಶ್ನೆ ವೈದ್ಯರದಾಗಿ ಹುಟ್ಟಿತು. ಆದರೆ ಅದರ ಬೇರನ್ನು ಹುಡುಕುತ್ತ ಹೋದರೆ, ಕುರುಹಿನಿಂದ ಅರಿವು ಹೇಗೆ ಹುಟ್ಟುತ್ತದೆ, ಅರಿತುದು ವಿಧಿಯೋ ಸಂಭವವೋ ಎಂಬ ದರ್ಶನದ ಪ್ರಶ್ನೆಗಳೇ ಎದುರಾಗುತ್ತವೆ.

ಮೊದಲು ಬೆರಳಿನ ಮಾತು. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾನಿಲಯದವರೂ ಲಂಡನ್ನಿನ ಕ್ಯಾನ್ಸರ್ ಸಂಶೋಧನ ಸಂಸ್ಥೆಯವರೂ ಕೂಡಿ, 1,500ಕ್ಕೂ ಹೆಚ್ಚು ರೋಗಿಗಳನ್ನು ಸುಮಾರು 3,000 ನಿರೋಗಿಗಳೊಡನೆ ಹೋಲಿಸಿ 2010ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತೋರುಬೆರಳು ಉಂಗುರಬೆರಳಿಗಿಂತ ಉದ್ದವಾಗಿರುವ ಗಂಡಸಿಗೆ, ಅದು ಗಿಡ್ಡವಾಗಿರುವವನಿಗಿಂತ, ಈ ರೋಗದ ಸಂಭವ ನೂರಕ್ಕೆ 33ರಷ್ಟು ಕಡಿಮೆಯೆಂದೂ, 60 ವರ್ಷದೊಳಗಿನವರಲ್ಲಾದರೆ 87ರಷ್ಟು ಕಡಿಮೆಯೆಂದೂ ಅವರು ಕಂಡರು. ಅಲ್ಲಿ ಯಾರ ಬೆರಳಿಗೂ ಅಳತೆಗೋಲನ್ನು ಹಿಡಿಯಲಿಲ್ಲ. ಕೈಯ ಚಿತ್ರಗಳನ್ನು ಮುಂದಿಟ್ಟು, ನಿಮ್ಮ ಬಲಗೈ ಇವುಗಳಲ್ಲಿ ಯಾವುದನ್ನು ಹೋಲುತ್ತದೆಯೆಂದು ಕೇಳಿದರು. ಮರುವರ್ಷವೇ ಆಸ್ಟ್ರೇಲಿಯದ ಮೆಲ್ಬರ್ನಿನಿಂದ ಬಂದ ಲೇಖನದಲ್ಲಿ ಒಟ್ಟಿನ ಮೇಲೆ ಅಂಥ ಸಂಬಂಧವೇ ಕಾಣಲಿಲ್ಲ. 60ಕ್ಕೆ ಮುಂಚೆ ರೋಗ ಬಂದವರಲ್ಲಿ ಮಾತ್ರ ಅದರ ನೆರಳು ಸ್ವಲ್ಪ ಉಳಿದಿತ್ತು.

ನೆತ್ತಿಯ ವಿಚಾರ ಇನ್ನೂ ಗೊಂದಲದ್ದು. 2014ರಲ್ಲಿ ಅಮೆರಿಕದ ಸುಮಾರು 39,000 ಗಂಡಸರ ಅಧ್ಯಯನವೊಂದು, 45ನೆಯ ವಯಸ್ಸಿನಲ್ಲಿ ಮುಂದಲೆಯ ಕೂದಲಿನೊಡನೆ ನಡುನೆತ್ತಿಯ ಕೂದಲೂ ಸಾಧಾರಣ ಪ್ರಮಾಣದಲ್ಲಿ ಉದುರಿದ್ದವರಿಗೆ ಉಗ್ರಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರಿನ ಸಂಭವ ನೂರಕ್ಕೆ ಸುಮಾರು 40ರಷ್ಟು ಹೆಚ್ಚೆಂದು ಹೇಳಿತು. ಬೇರೆ ರೀತಿಯ ಬೋಳಿಗೆ ಆ ದೋಷವಿರಲಿಲ್ಲ. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲು ಸಿಯಾಟಲ್ ನಗರದ ಸಂಶೋಧಕರು, 30ನೆಯ ವಯಸ್ಸಿಗೇ ಕೂದಲುದುರಿದವರಿಗೆ ರೋಗದ ಸಂಭವ ಕಡಿಮೆಯೆಂದು ಬರೆದಿದ್ದರು; 2011ರಲ್ಲಿ ಪ್ಯಾರಿಸ್ಸಿನವರು, 20ರಲ್ಲಿಯೇ ಕೂದಲುದುರತೊಡಗಿದವರು ರೋಗಿಗಳಲ್ಲಿ ಇಮ್ಮಡಿಯಿದ್ದಾರೆಂದರು. ಮೂವತ್ತರ ಬೋಳು ರಕ್ಷೆ, ಇಪ್ಪತ್ತರ ಬೋಳು ಶಾಪ, ನಲವತ್ತೈದರ ಬೋಳು ಅದರ ಸ್ಥಳವನ್ನು ನೋಡಿಕೊಂಡು! ವರಾಹಮಿಹಿರನ ಟೀಕಾಕಾರರಿಗೂ ಇಷ್ಟು ವಿಕಲ್ಪಗಳನ್ನು ಸಮನ್ವಯಗೊಳಿಸುವುದು ಸುಲಭವಾಗುತ್ತಿರಲಿಲ್ಲ. ಎತ್ತರದ ವಿಷಯದಲ್ಲಿ ಪ್ರಮಾಣ ಇದಕ್ಕಿಂತ ಗಟ್ಟಿಯಾದುದು: ಯುರೋಪಿನ 8 ದೇಶಗಳ ಸುಮಾರು 1,42,000 ಗಂಡಸರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮೈಯ ಎತ್ತರ 10 ಸೆಂಟಿಮೀಟರ್ ಏರಿದಂತೆಲ್ಲ ಉಗ್ರಸ್ವರೂಪದ ರೋಗದ ಸಂಭವ ನೂರಕ್ಕೆ 21ರಷ್ಟು, ಅದರಿಂದ ಸಾಯುವ ಸಂಭವ 17ರಷ್ಟು ಏರುತ್ತದೆ. ಸಾಮುದ್ರಿಕರು ಭಾಗ್ಯವನ್ನು ಓದಿದ ನೀಳಕಾಯದಲ್ಲಿ ಈಗಿನವರು ಅಪಾಯವನ್ನು ಓದುತ್ತಿದ್ದಾರೆ.

ಹಾಗಾದರೆ ಇದೆಲ್ಲವೂ ಹೊಸ ಉಡುಪಿನ ಶಕುನವೇ? ಹಾಗೆಂದುಬಿಡುವುದು ನ್ಯಾಯವಲ್ಲ. ವರಾಹಮಿಹಿರನು ಪಾದದ ರೇಖೆಗೂ ರಾಜ್ಯಪ್ರಾಪ್ತಿಗೂ ನಡುವೆ ಇರುವ ಸೇತುವನ್ನು ತೋರಿಸಲಿಲ್ಲ, ಇಲ್ಲಿ ಸೇತುವೊಂದುಂಟು. ವೃಷಣಗಳನ್ನು ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಗ್ರೀಸಿನ ಹಿಪೊಕ್ರೆಟಿಸನ ಸೂತ್ರಗಳೇ ಹೇಳಿದ್ದುವು. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿದ್ವಾಂಸನು ಆ ಮಾತನ್ನು ಪರೀಕ್ಷಿಸಿ, ಅಂಥವರಿಗೆ ಪುರುಷ ಹಾರ್ಮೋನಾದ ಟೆಸ್ಟೊಸ್ಟಿರೋನನ್ನು ಕೊಟ್ಟಾಗ, ಬೋಳುತಲೆಯ ವಂಶದಲ್ಲಿ ಹುಟ್ಟಿದವರಿಗೆ ಮಾತ್ರ ಕೂದಲುದುರಿತೆಂದು ತೋರಿಸಿದನು. ಅದಕ್ಕೆ ಒಂದು ವರ್ಷ ಮೊದಲು ಶಿಕಾಗೋ ನಗರದಲ್ಲಿ ಚಾರ್ಲ್ಸ್ ಹಗಿನ್ಸನು, ಇದೇ ಹಾರ್ಮೋನಿನ ಮೂಲವನ್ನು ತೆಗೆದುಹಾಕಿದರೆ ಪ್ರಾಸ್ಟೇಟ್ ಕ್ಯಾನ್ಸರು ಕುಗ್ಗುವುದೆಂದು ಸಿದ್ಧಮಾಡಿದ್ದನು. ಆ ಕಾರ್ಯಕ್ಕೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇನ್ನೊಂದು ಸಂಗತಿಯು ಇವೆರಡನ್ನೂ ಒಟ್ಟಿಗೆ ಕಟ್ಟುತ್ತದೆ. ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯ ಕೆಲವು ಮನೆತನಗಳಲ್ಲಿ, ಟೆಸ್ಟೊಸ್ಟಿರೋನನ್ನು ಅದರ ತೀವ್ರರೂಪಕ್ಕೆ ಪರಿವರ್ತಿಸುವ ಕಿಣ್ವವು ಹುಟ್ಟಿನಿಂದಲೇ ಇಲ್ಲದ ಗಂಡಸರಿದ್ದರು. 1974ರಲ್ಲಿ ವಿಜ್ಞಾನಲೋಕಕ್ಕೆ ತಿಳಿದುಬಂದ ಈ ಜನರ ಪ್ರಾಸ್ಟೇಟ್ ಗ್ರಂಥಿ ಬಾಳೆಲ್ಲ ಚಿಕ್ಕದಾಗಿಯೇ ಉಳಿಯುತ್ತಿತ್ತು. ಅವರ ತಲೆಯೂ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟಿರೈಡ್ ಎಂಬ ಒಂದೇ ಮದ್ದನ್ನು ಈಗ ದೊಡ್ಡ ಪ್ರಮಾಣದಲ್ಲಿ ಪ್ರಾಸ್ಟೇಟ್ ಊತಕ್ಕೂ ಸಣ್ಣ ಪ್ರಮಾಣದಲ್ಲಿ ಬೋಳುತಲೆಗೂ ಕೊಡುತ್ತಾರೆ. ಬೆರಳಿನ ಹಿಂದೆಯೂ ಇಂಥದೇ ತರ್ಕವುಂಟು: ಗರ್ಭದಲ್ಲಿರುವಾಗ ಶಿಶುವಿಗೆ ಒದಗುವ ಪುರುಷ ಹಾರ್ಮೋನು ಉಂಗುರಬೆರಳನ್ನು ನೀಳಗೊಳಿಸುತ್ತದೆಂದು ಊಹೆ; ಬೆರಳುಗಳನ್ನೂ ಜನನಾಂಗಗಳನ್ನೂ ರೂಪಿಸುವ ಕೆಲಸದಲ್ಲಿ ಒಂದೇ ಗುಂಪಿನ ಜೀನುಗಳು ಪಾಲುಗೊಳ್ಳುವುದಂತೂ ಸಿದ್ಧವಾದ ಸಂಗತಿ.

ಇಲ್ಲಿಯೇ ನಮ್ಮ ತಾರ್ಕಿಕರ ನೆರವು ಬೇಕಾಗುತ್ತದೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು. ಬೆಂಕಿಯಿಂದ ಹೊಗೆಯನ್ನು ಅನುಮಾನಿಸಲಾಗದು, ಏಕೆಂದರೆ ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯಿಲ್ಲದೆ ಬೆಂಕಿಯು ಹೊಗೆಯಾಡುವುದಿಲ್ಲ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೋಳುನೆತ್ತಿಯಾಗಲಿ ನೀಳವಾದ ಉಂಗುರಬೆರಳಾಗಲಿ ವ್ಯಾಧಿಗೆ ಕಾರಣವೂ ಅಲ್ಲ, ಅದರ ಕಾರ್ಯವೂ ಅಲ್ಲ. ಎರಡಕ್ಕೂ ಹಿಂದೆ ನಿಂತಿರುವ ಒಂದು ಕಾರಣದ ಇನ್ನೊಂದು ಕಾರ್ಯ ಮಾತ್ರ. ಈ ಬಗೆಯ ಅನುಮಾನವನ್ನು ಅತ್ಯಂತ ಸೂಕ್ಷ್ಮವಾಗಿ ಪರಿಶೀಲಿಸಿದವನು ಬೌದ್ಧಾಚಾರ್ಯನಾದ ಧರ್ಮಕೀರ್ತಿ. ಹಣ್ಣಿನ ರಸವನ್ನು ಸವಿದವನು ಕಣ್ಣಿಗೆ ಕಾಣದ ಅದರ ವರ್ಣವನ್ನು ಹೇಗೆ ಊಹಿಸುತ್ತಾನೆಂದು ಅವನು ಕೇಳಿಕೊಂಡನು. ರಸವು ವರ್ಣವನ್ನು ಹುಟ್ಟಿಸಲಿಲ್ಲ, ವರ್ಣವು ರಸವನ್ನು ಹುಟ್ಟಿಸಲಿಲ್ಲ. ಎರಡೂ ಒಂದೇ ಕಾರಣಸಾಮಗ್ರಿಗೆ ಅಧೀನವಾಗಿ, ಒಂದೇ ಹಣ್ಣಿನಲ್ಲಿ ಜೊತೆಜೊತೆಯಾಗಿ ಹುಟ್ಟಿದುವು. ಆದುದರಿಂದ ರಸದಿಂದ ಅದರ ಕಾರಣಕ್ಕೆ ಹಿಂದಿರುಗಿ, ಆ ಕಾರಣವು ಅದಾಗಲೇ ನೆರವೇರಿಸಿರುವ ಇನ್ನೊಂದು ಕಾರ್ಯವನ್ನು ಬುದ್ಧಿಯು ಹಿಡಿಯುತ್ತದೆ. ಆದರೆ ಇನ್ನೂ ಹುಟ್ಟದಿರುವ ಕಾರ್ಯವನ್ನು ಕಾರಣದಿಂದ ಅನುಮಾನಿಸಹೊರಟವನಿಗೆ ಅವನು ಕಟ್ಟುನಿಟ್ಟಾದ ಎಚ್ಚರಿಕೆಯನ್ನು ಕೊಟ್ಟನು: ಸಾಮಗ್ರಿಯೆಲ್ಲ ನೆರೆದಿದ್ದರೂ ಸಿದ್ಧವಾಗುವುದು ಯೋಗ್ಯತೆಯೇ ಹೊರತು ಕಾರ್ಯವಲ್ಲ, ನಡುವೆ ಪ್ರತಿಬಂಧವೊಂದು ಬರಬಾರದೆಂಬ ನಿಯಮವಿಲ್ಲ.

ಬೆರಳಿನ ವಿವಾದಕ್ಕೆ ಇದಕ್ಕಿಂತ ಮೇಲಾದ ತೀರ್ಪನ್ನು ನಾನು ಕಾಣೆ. ಹಣ್ಣಿನಲ್ಲಿ ರಸವೂ ವರ್ಣವೂ ಈಗಲೇ ಇವೆ. ಬೆರಳಾದರೋ ಗರ್ಭದಲ್ಲಿಯೇ ತನ್ನ ರೂಪವನ್ನು ಪಡೆದದ್ದು. ವ್ಯಾಧಿಯು ಬಂದರೆ ಬರುವುದು ಅರುವತ್ತು ಎಪ್ಪತ್ತು ವರ್ಷಗಳ ಅನಂತರ. ಆ ದೀರ್ಘವಾದ ಅಂತರದಲ್ಲಿ ಉಂಡ ಆಹಾರ, ಜೀವಕೋಶಗಳು ಕೋಟಿ ಕೋಟಿ ಸಾರಿ ಇಬ್ಭಾಗವಾಗುವಾಗ ನುಸುಳಿದ ತಪ್ಪುಗಳು, ಬರಿಯ ಆಕಸ್ಮಿಕ, ಎಲ್ಲವೂ ಉಪಾಧಿಗಳಾಗಿ ಸೇರಿಕೊಳ್ಳುತ್ತವೆ. ಆದುದರಿಂದ ಬೆರಳು ಹೆಚ್ಚೆಂದರೆ ಒಂದು ಯೋಗ್ಯತೆಯ ಕುರುಹು. ಅದೂ ಊರಿಂದೂರಿಗೆ ಮಾತು ಬದಲಿಸುವ, ತಾರ್ಕಿಕರು ಸವ್ಯಭಿಚಾರವೆಂದು ಕರೆಯುವ ಹೇತು.

ಅವಳಿಗಳ ಸಂಗತಿಯನ್ನು ನೋಡಿದರೆ ಇದು ಮತ್ತಷ್ಟು ಸ್ಪಷ್ಟವಾಗುತ್ತದೆ. ನಾರ್ಡಿಕ್ ದೇಶಗಳ ಅವಳಿಗಳನ್ನು ಕುರಿತ 2016ರ ಬೃಹತ್ ಅಧ್ಯಯನವು, ಪ್ರಾಸ್ಟೇಟ್ ಕ್ಯಾನ್ಸರಿನ ಸಂಭವದಲ್ಲಿ ಮನುಷ್ಯಮನುಷ್ಯರಿಗೆ ಕಾಣುವ ವ್ಯತ್ಯಾಸದ ನೂರಕ್ಕೆ 57 ಪಾಲು ವಂಶಪಾರಂಪರ್ಯದ್ದೆಂದು ಲೆಕ್ಕಹಾಕಿತು. ದೊಡ್ಡ ಕ್ಯಾನ್ಸರುಗಳಲ್ಲಿ ಇಷ್ಟರಮಟ್ಟಿಗೆ ವಂಶವನ್ನು ಹಿಡಿದು ಬರುವಂಥದು ವಿರಳ. ಆದರೂ ಒಂದೇ ಬೀಜದಿಂದ ಒಡೆದು ಹುಟ್ಟಿದ, ಒಂದೇ ಬೆರಳು ಒಂದೇ ನೆತ್ತಿ ಒಂದೇ ಎತ್ತರವೆನ್ನಬಹುದಾದ ಅವಳಿ ಸೋದರರಲ್ಲಿ ಒಬ್ಬನಿಗೆ ಈ ರೋಗ ಬಂದರೆ, ಇನ್ನೊಬ್ಬನಿಗೂ ಬರುವುದು ಅರ್ಧಕ್ಕಿಂತ ಕಡಿಮೆ ಸಂದರ್ಭಗಳಲ್ಲಿ. ಕ್ರೈಸ್ತಾಚಾರ್ಯನಾದ ಆಗಸ್ಟೀನನು ಜ್ಯೋತಿಷಿಗಳನ್ನು ಖಂಡಿಸುವಾಗ, ಒಂದೇ ಗಳಿಗೆಯಲ್ಲಿ ಹುಟ್ಟಿದ ಬೈಬಲಿನ ಅವಳಿಗಳಾದ ಏಸಾವ ಯಾಕೋಬರ ಬಾಳುಗಳು ಏಕೆ ಅಷ್ಟು ಭಿನ್ನವಾದುವೆಂದು ಕೇಳಿದ್ದನು. ಆ ಪ್ರಶ್ನೆಯನ್ನು ಅಂಗಲಕ್ಷಣವಾದಿಗಳಿಗೂ ಹಾಗೆಯೇ ಹಾಕಬಹುದು. ನೂರಕ್ಕೆ 33 ಎಂಬ ಮಾತು ಸಾವಿರಾರು ಜನರ ಗುಂಪನ್ನು ಕುರಿತದ್ದು. ಆ ಗುಂಪಿನಲ್ಲಿ ನಿಂತ ಒಬ್ಬನ ಮೈಯೊಳಗೆ ಮೂರರಲ್ಲೊಂದು ಪಾಲು ರೋಗವಿರುವುದಿಲ್ಲ. ಅವನಿಗೆ ರೋಗ ಬರುವುದು, ಇಲ್ಲವೆ ಬರದು.

ಧರ್ಮದ ಪ್ರಶ್ನೆ ಹುಟ್ಟುವುದು ಈ ಒಬ್ಬನಿಗಾಗಿ. ಲೆಕ್ಕದ ಪುಸ್ತಕವು ಗುಂಪನ್ನು ಕುರಿತು ಮಾತನಾಡಿ ಸುಮ್ಮನಾದ ಮೇಲೆ, ರೋಗ ತಗಲಿದವನು ತನಗೇ ಏಕೆಂದು ಕೇಳುತ್ತಾನೆ. ಸುತ್ತಲಿನವರು ಹಣೆಬರಹವೆನ್ನುತ್ತಾರೆ, ಪ್ರಾರಬ್ಧವೆನ್ನುತ್ತಾರೆ. ಬೆರಳು ನೆತ್ತಿಗಳ ಸುದ್ದಿ ಅವನ ಕಿವಿಗೆ ಬಿದ್ದರೆ, ಆ ಬರಹವು ತನ್ನ ಕೈಯಲ್ಲಿಯೇ ಹುಟ್ಟಿನಿಂದ ಇತ್ತೆಂಬ ಭ್ರಮೆಯೂ ಅದಕ್ಕೆ ಕೂಡಿಕೊಳ್ಳುತ್ತದೆ. ನಮ್ಮ ಮತಗಳೆಲ್ಲ ಹೀಗೆಯೇ ಬೋಧಿಸಿದುವೆಂದು ತಿಳಿಯುವುದು ಸರಿಯಲ್ಲ. ರಾಜಗೃಹದ ವೇಣುವನದಲ್ಲಿ ಸೀವಕನೆಂಬ ಪರಿವ್ರಾಜಕನು, ಮನುಷ್ಯನು ಅನುಭವಿಸುವ ಸುಖದುಃಖಗಳೆಲ್ಲ ಪೂರ್ವಕರ್ಮದ ಫಲವೇ ಎಂದು ಕೇಳಿದಾಗ, ಬುದ್ಧನು ಹೌದೆನ್ನಲಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಅವುಗಳ ಸನ್ನಿಪಾತದಿಂದ, ಋತುವಿನ ಬದಲಾವಣೆಯಿಂದ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದರಿಂದ, ಪರರ ಆಘಾತದಿಂದ, ಕೊನೆಯದಾಗಿ ಕರ್ಮವಿಪಾಕದಿಂದ, ಹೀಗೆ 8 ಮೂಲಗಳನ್ನು ಎಣಿಸಿ, ಎಲ್ಲವನ್ನೂ ಕರ್ಮಕ್ಕೇ ಕಟ್ಟುವವರು ಲೋಕವು ಸತ್ಯವೆಂದು ಬಲ್ಲುದನ್ನು ಮೀರಿ ಮಾತನಾಡುತ್ತಾರೆಂದನು. ಎಂಟರಲ್ಲಿ ಕರ್ಮಕ್ಕೆ ಸಂದದ್ದು ಒಂದೇ ಸ್ಥಾನ.

ಕರ್ಮಕ್ಕೆ ಎಲ್ಲೆಡೆಯೂ ಅಧಿಕಾರವನ್ನು ಕೊಟ್ಟ ಜೈನರ ಶಾಸ್ತ್ರವನ್ನೇ ನೋಡೋಣ. ಹತ್ತನೆಯ ಶತಮಾನದಲ್ಲಿ, ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ರಚಿಸಿದ ಗೊಮ್ಮಟಸಾರದ ಕರ್ಮಕಾಂಡದಲ್ಲಿ, ಕರ್ಮಗಳ ಮೂಲಪ್ರಕೃತಿಗಳು 8, ಉತ್ತರಪ್ರಕೃತಿಗಳು 148. ಶರೀರದ ಆಕಾರ, ಅಂಗೋಪಾಂಗ, ವರ್ಣ ಮೊದಲಾದುವನ್ನು ರೂಪಿಸುವುದು ನಾಮಕರ್ಮ. ಅದೊಂದಕ್ಕೇ 93 ಭೇದಗಳು. ಸುಖದುಃಖಗಳನ್ನು ಉಣಿಸುವುದು ವೇದನೀಯ. ಬಾಳಿನ ಅವಧಿಯನ್ನು ಅಳೆಯುವುದು ಆಯುಷ್ಕರ್ಮ. ಆಕಾರವನ್ನು ಕೊಡುವ ಕರ್ಮ ಬೇರೆ, ನೋವನ್ನು ಕೊಡುವ ಕರ್ಮ ಬೇರೆ, ಆಯುಸ್ಸನ್ನು ಕೊಡುವ ಕರ್ಮ ಬೇರೆ ಎಂದಮೇಲೆ, ಆಕಾರವನ್ನು ನೋಡಿ ನೋವನ್ನೂ ಆಯುಸ್ಸನ್ನೂ ನಿರ್ಣಯಿಸಹೊರಡುವವನಿಗೆ ಈ ಶಾಸ್ತ್ರದಲ್ಲಿಯೂ ನೆಲೆ ಸಿಕ್ಕದೆಂದು ನನಗೆ ತೋರುತ್ತದೆ. ಅಷ್ಟು ಸೂಕ್ಷ್ಮವಾದ ವಿಂಗಡಣೆಯನ್ನು ಮಾಡಿದ ನಾಡಿನಲ್ಲಿ ಹಣೆಬರಹವೆಂಬ ಒಂದೇ ಗೋಣಿಗೆ ಎಲ್ಲವನ್ನೂ ತುಂಬುವುದು ಪೂರ್ವಿಕರ ಬುದ್ಧಿಗೆ ಮಾಡುವ ಅಪಚಾರ.

ವೈದ್ಯಶಾಸ್ತ್ರದ ಆಚಾರ್ಯರೂ ಈ ಪ್ರಶ್ನೆಯನ್ನು ತಪ್ಪಿಸಿಕೊಂಡವರಲ್ಲ. ಚರಕಸಂಹಿತೆಯ ಇಂದ್ರಿಯಸ್ಥಾನವು ಮರಣವನ್ನು ಸೂಚಿಸುವ ಅರಿಷ್ಟಲಕ್ಷಣಗಳಿಗೇ ಮುಡಿಪಾದದ್ದು. ಹೂವು ಹಣ್ಣಿಗೆ ಹೇಗೋ ಅರಿಷ್ಟವು ಮರಣಕ್ಕೆ ಹಾಗೆ ಎಂದು ಹೇಳಿ, ಒಡನೆಯೇ ಗ್ರಂಥಕಾರನು, ಹಣ್ಣಾಗದ ಹೂವೂ ಉಂಟು, ಹೂವಿಲ್ಲದ ಹಣ್ಣೂ ಉಂಟು, ಆದರೆ ಮರಣವಿಲ್ಲದ ಅರಿಷ್ಟವಿಲ್ಲ ಎಂದು ಭೇದವನ್ನು ತೋರಿಸುತ್ತಾನೆ. ಇಲ್ಲಿ ಅವನ ಹಟ ನನಗೆ ಹಿಡಿಸದು. ಆದರೆ ಹಣ್ಣಾಗದ ಹೂವನ್ನು ಅವನು ಮರೆಯಲಿಲ್ಲವೆಂಬುದು ಗಮನಾರ್ಹ. ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ, ಗಂಗಾತೀರದ ಕಾಂಪಿಲ್ಯದಲ್ಲಿ ಅಗ್ನಿವೇಶನು ಗುರುವಾದ ಆತ್ರೇಯನನ್ನು ಕೇಳುತ್ತಾನೆ: ಆಯುಸ್ಸು ನಿಯತವೋ ಅನಿಯತವೋ? ಆತ್ರೇಯನ ಉತ್ತರವು ದೈವಕ್ಕೂ ಮನುಷ್ಯಪ್ರಯತ್ನವೆಂಬ ಪುರುಷಕಾರಕ್ಕೂ ಪಾಲನ್ನು ಹಂಚುತ್ತದೆ. ಎರಡರಲ್ಲಿ ದುರ್ಬಲವಾದುದನ್ನು ಪ್ರಬಲವಾದುದು ಒತ್ತರಿಸುತ್ತದೆ. ಎಲ್ಲವೂ ನಿಯತವೇ ಆಗಿದ್ದರೆ ಮದ್ದಿಗೂ ಪಥ್ಯಕ್ಕೂ ಅರ್ಥವೇನು ಎಂಬುದು ಅವನ ವಾದದ ಸಾರ.

ಪುರುಷಕಾರವೆಂಬ ಈ ಒರೆಗಲ್ಲಿಗೆ ಹಚ್ಚಿದರೆ ಮೇಲೆ ಹೇಳಿದ ಲಕ್ಷಣಗಳ ಬೆಲೆ ಬೇರೆ ಬೇರೆಯಾಗುತ್ತದೆ. ಬೆರಳನ್ನು ಯಾರೂ ಬದಲಿಸಿಕೊಳ್ಳಲಾರರು, ಎತ್ತರವನ್ನು ಯಾರೂ ಇಳಿಸಿಕೊಳ್ಳಲಾರರು. ಆದರೆ ಯುರೋಪಿನ ಅದೇ ಅಧ್ಯಯನವು ಸೊಂಟದ ಸುತ್ತಳತೆಯನ್ನೂ ನೋಡಿತ್ತು: ಅದು 10 ಸೆಂಟಿಮೀಟರ್ ಹೆಚ್ಚಿದಂತೆಲ್ಲ ಈ ರೋಗದಿಂದ ಸಾಯುವ ಸಂಭವ ನೂರಕ್ಕೆ 18ರಷ್ಟು ಹೆಚ್ಚುತ್ತದೆ. ಪತ್ರಿಕೆಗಳಲ್ಲಿ ಬೆರಳಿನ ಸುದ್ದಿಗೆ ಸಿಕ್ಕ ಜಾಗ ಸೊಂಟದ ಸುದ್ದಿಗೆ ಸಿಕ್ಕಲಿಲ್ಲ. ಮನುಷ್ಯನಿಗೆ ತನ್ನಿಂದ ಏನೂ ಆಗದ ವಿಷಯದಲ್ಲಿರುವ ಕುತೂಹಲ, ತನ್ನಿಂದ ಏನಾದರೂ ಆಗಬಹುದಾದ ವಿಷಯದಲ್ಲಿ ಇರುವುದಿಲ್ಲ.

ಚರ್ಮದ ಬಣ್ಣವೂ ಒಂದು ಅಂಗಲಕ್ಷಣವೇ. ಅಮೆರಿಕದಲ್ಲಿ ಕರಿಯ ಗಂಡಸರು ಈ ರೋಗದಿಂದ ಸಾಯುವ ಸಂಭವ ಬಿಳಿಯರಿಗಿಂತ ಸುಮಾರು ಇಮ್ಮಡಿಯೆಂಬುದು ನಿರ್ವಿವಾದ. ಅದರ ಹಿಂದೆ ಪಶ್ಚಿಮ ಆಫ್ರಿಕದಿಂದ ಬಂದ ವಂಶದ ಪಾಲೂ ಉಂಟು, ಚಿಕಿತ್ಸೆಗೆ ಹೊತ್ತಿಗೆ ಸರಿಯಾಗಿ ತಲಪಲಾಗದ ಸಾಮಾಜಿಕ ಸ್ಥಿತಿಯ ಪಾಲೂ ಉಂಟು. ಬಣ್ಣವು ತಾನಾಗಿ ಏನನ್ನೂ ಮಾಡುವುದಿಲ್ಲ. 1876ರಲ್ಲಿ ಇಟಲಿಯ ಲೊಂಬ್ರೋಸೋ ದವಡೆ ಕಿವಿ ಹುಬ್ಬುಗಳಲ್ಲಿ ಅಪರಾಧಿಯನ್ನು ಓದಹೊರಟು ಎಷ್ಟು ನಿರಪರಾಧಿಗಳ ಮುಖಕ್ಕೆ ಮಸಿ ಹಚ್ಚಿದನೆಂಬುದನ್ನು ನೆನೆದರೆ, ಮೈಯನ್ನು ನೋಡಿ ಮನುಷ್ಯನನ್ನು ವಿಂಗಡಿಸುವ ಕೆಲಸದಲ್ಲಿ ವೈದ್ಯನಿಗೂ ಎಚ್ಚರವಿರುವುದು ಒಳ್ಳೆಯದು.

ಹೊರಗಿನ ಲಕ್ಷಣದ ಪಾಡು ಇದಾದರೆ ಒಳಗಿನದೂ ನಿರ್ದುಷ್ಟವಲ್ಲ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನು ಈ ರೋಗವನ್ನು ಹುಡುಕುವುದಕ್ಕೆ ಬಳಸಲು ಅಮೆರಿಕದ ಸರ್ಕಾರವು 1994ರಲ್ಲಿ ಅನುಮತಿಯಿತ್ತಿತು. ಆದರೆ ಗ್ರಂಥಿಯು ವಯಸ್ಸಿನಿಂದ ಬರಿದೆ ಊದಿಕೊಂಡರೂ, ಅದಕ್ಕೆ ಉರಿಯೂತ ತಗಲಿದರೂ ಅದರ ಅಂಕಿ ಏರುತ್ತದೆ. ಬೇರೆ ಕಾರಣದಿಂದ ಸತ್ತ ಮುದುಕರ ಶವಪರೀಕ್ಷೆಯಲ್ಲಿ, ಅವರಿಗೆ ಬದುಕಿದ್ದಾಗ ಎಂದೂ ತೊಂದರೆ ಕೊಡದ ಕ್ಯಾನ್ಸರು ಈ ಗ್ರಂಥಿಯಲ್ಲಿ ಎಷ್ಟೋ ಸಲ ಸಿಕ್ಕುತ್ತದೆ. ಅಂಥದನ್ನು ಹುಡುಕಿ ತೆಗೆದು, ಮೂತ್ರದ ಹಿಡಿತವನ್ನೂ ದಾಂಪತ್ಯದ ಸುಖವನ್ನೂ ಕಳೆದುಕೊಂಡವರು ಅನೇಕರು. ಆದುದರಿಂದಲೇ ಅಲ್ಲಿಯ ತಜ್ಞಮಂಡಲಿಯು 2012ರಲ್ಲಿ ಈ ಪರೀಕ್ಷೆಯು ಬೇಡವೆಂದಿತು. 2018ರಲ್ಲಿ ನಿಲುವನ್ನು ಸಡಿಲಿಸಿ, 55ರಿಂದ 69ರವರೆಗಿನವರು ವೈದ್ಯರೊಡನೆ ಸಮಾಲೋಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಅರಿವು ಎಲ್ಲ ಸಮಯದಲ್ಲಿಯೂ ಹಿತವೆಂಬ ನಮ್ಮ ನಂಬಿಕೆಗೆ ಇಷ್ಟು ನೇರವಾದ ಸವಾಲು ತತ್ತ್ವಗ್ರಂಥಗಳಲ್ಲಿಯೂ ವಿರಳ. ಹಿತವಾಗುವ ಅರಿವು ಯಾವುದೆಂದರೆ, ಅದರ ಮುಂದೆ ಒಂದು ವಿವೇಕವುಳ್ಳ ಕ್ರಿಯೆಗೆ ದಾರಿಯಿರುವಂಥದು. ದಾರಿಯಿಲ್ಲದ ಕುರುಹನ್ನು ಹೊತ್ತು ತಿರುಗುವವನಿಗೆ ಭಯವೊಂದೇ ಲಾಭ.

ಓದುಗರು ಬೆರಳನ್ನು ಅಳೆಯುವುದೂ ಬೇಡ, ಕನ್ನಡಿಯಲ್ಲಿ ನೆತ್ತಿಯನ್ನು ನೋಡಿ ಕಳವಳಗೊಳ್ಳುವುದೂ ಬೇಡ. ಈ ರೋಗಕ್ಕೆ ನಿಜವಾಗಿ ಗಣನೆಗೆ ಬರತಕ್ಕವು ವಯಸ್ಸು, ವಂಶ ಮತ್ತು ಬಿ.ಆರ್.ಸಿ.ಎ.2ರಂಥ ಕೆಲವು ಜೀನುಗಳ ದೋಷ; ತಂದೆಗಾಗಲಿ ಒಡಹುಟ್ಟಿದವನಿಗಾಗಲಿ ಬಂದಿದ್ದರೆ ಸಂಭವ ಸುಮಾರು ಇಮ್ಮಡಿಯಾಗುತ್ತದೆ. ನಮ್ಮ ಮನೆಗಳಲ್ಲಿ ಹಿರಿಯ ಗಂಡಸರ ಇಂಥ ಕಾಯಿಲೆಗಳನ್ನು ಸಂಕೋಚದಿಂದ ಮುಚ್ಚಿಡುವ ರೂಢಿಯುಂಟು. ಅದನ್ನು ಬಿಟ್ಟು, ಅಪ್ಪನಿಗೆ ಏನಾಗಿತ್ತು, ದೊಡ್ಡಪ್ಪ ಚಿಕ್ಕಪ್ಪಂದಿರು ಯಾವುದರಿಂದ ತೀರಿಕೊಂಡರು ಎಂದು ಕೇಳಿ ತಿಳಿದುಕೊಂಡು, ಐವತ್ತರ ಸುಮಾರಿಗೆ, ವಂಶದಲ್ಲಿ ಈ ರೋಗವಿದ್ದರೆ ಇನ್ನೂ ಐದಾರು ವರ್ಷ ಮೊದಲೇ, ಆ ಮಾತನ್ನು ವೈದ್ಯರ ಮುಂದಿಡಿ.